ಮಳೆಯ ಜಮಾ, ಬಿಸಿಲಿನ ಖರ್ಚು

ವಿಷುವದ್ರೇಖೆಗೆ ಒಂದೂಕಾಲು ಡಿಗ್ರಿಯಷ್ಟು ಉತ್ತರದಲ್ಲಿ, ಸೂರ್ಯನು ವರ್ಷವಿಡೀ ಬೆಳಗಿನ ಏಳರ ಸುಮಾರಿಗೆ ಮೂಡಿ ಸಂಜೆಯ ಏಳರ ಸುಮಾರಿಗೆ ಮುಳುಗುವ, ಚಳಿಗಾಲವೆಂಬ ಮಾತಿಗೆ ನಿಘಂಟಿನ ಅರ್ಥವಲ್ಲದೆ ಬೇರೆ ಅರ್ಥವೇ ಇಲ್ಲದ ಒಂದು ಪುಟ್ಟ ದ್ವೀಪದಲ್ಲಿ, ತಲೆಗೂದಲು ನರೆಯಲಾರಂಭಿಸಿದ ವಯಸ್ಸಿನಲ್ಲಿ, ಒಂದು ವರ್ಷಕಾಲ ವಿದ್ಯಾರ್ಥಿಯಾಗಿದ್ದು ಬರುವ ಯೋಗ ನನಗೆ ಒದಗಿತು. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಮೋರಿಗಳ ನಕ್ಷೆ ಬರೆಯುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ಎಂಜಿನಿಯರನೊಬ್ಬನು ನಗರಗಳ ಸುಸ್ಥಿರತೆಯನ್ನು ಕುರಿತು ಓದಲು ಸಿಂಗಪುರಕ್ಕೆ ಹೊರಟು ನಿಂತಾಗ ಬಂಧುಮಿತ್ರರಲ್ಲಿ ಒಂದಷ್ಟು ವಿನೋದವೂ ಉಂಟಾಯಿತು. “ಓದುವುದಕ್ಕೆ ಜರ್ಮನಿ ಇದೆ, ಹಾಲೆಂಡ್ ಇದೆ, ನೀನು ಹೋಗಿ ಹೋಗಿ ಸಿಂಗಪುರಕ್ಕೆ ಹೊರಟಿದ್ದೀಯಲ್ಲೋ! ಅದು ಟಿ.ವಿ., ಕ್ಯಾಮರಾ ಕೊಂಡು ತರುವವರ ಊರಲ್ಲವೇನೋ?” ಎಂದು ನನ್ನ ಸೋದರಮಾವ ಕೇಳಿದರು. ಅವರ ಪ್ರಶ್ನೆಗೆ ಆಗ ನನ್ನಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ. ಈಗ ಒಂದಿಷ್ಟು ಇದೆಯೆಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ನೆರಳೆಂಬ ಸೌಕರ್ಯ

ನಗರನಿರ್ಮಾಣಶಾಸ್ತ್ರದ ಪ್ರಸಿದ್ಧ ಗ್ರಂಥಗಳಲ್ಲಿ ಹೆಚ್ಚಿನವು ಶೀತದೇಶಗಳಲ್ಲಿ ಹುಟ್ಟಿದುವು. ಆ ದೇಶಗಳಲ್ಲಿ ಸೂರ್ಯನು ಅಪರೂಪದ ಅತಿಥಿಯಾದುದರಿಂದ, ಅವನನ್ನು ಬರಮಾಡಿಕೊಳ್ಳಲು ಕಿಟಕಿಗಳು ವಿಶಾಲವಾಗಿರಬೇಕು, ಚೌಕಗಳು ಬಯಲಾಗಿರಬೇಕು, ಒಳಗೆ ಕೂಡಿಟ್ಟ ಶಾಖವು ಹೊರಗೆ ಸೋರಿಹೋಗದಂತೆ ಗೋಡೆಗಳು ದಪ್ಪವಾಗಿರಬೇಕು ಎಂಬುದು ಅಲ್ಲಿನ ನ್ಯಾಯ. ನಮ್ಮ ಉಷ್ಣವಲಯದಲ್ಲಾದರೋ ಸೂರ್ಯನು ಅತಿಥಿಯಲ್ಲ, ಮನೆಯ ಯಜಮಾನ. ಅವನ ಕಣ್ಣು ತಪ್ಪಿಸಿಕೊಂಡು ಬದುಕುವ ಉಪಾಯವೇ ಇಲ್ಲಿ ವಾಸ್ತುವಿದ್ಯೆ. ಕಾಲೇಜಿನಲ್ಲಿ ಆ ಗ್ರಂಥಗಳನ್ನೇ ಬಾಯಿಪಾಠ ಮಾಡಿ ಪಾಸಾಗಿದ್ದ ನನಗೆ, ಈ ಸರಳ ಸಂಗತಿಯು ಸಿಂಗಪುರದ ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ನೆರಳು ನನ್ನ ಕಾಲಡಿಗೇ ಅಡಗಿಹೋದುದನ್ನು ನೋಡುವವರೆಗೆ ಹೊಳೆದಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ಆ ಊರಿನ ಹಳೆಯ ಪೇಟೆಬೀದಿಗಳಲ್ಲಿ ಅಂಗಡಿಗಳ ಮುಂದೆ, ಮೇಲಂತಸ್ತಿನ ಆಸರೆಯಲ್ಲಿ, ಒಂದು ಮನೆಯಿಂದ ಇನ್ನೊಂದಕ್ಕೆ ಕಡಿಯದೆ ಸಾಗುವ ನೆರಳಿನ ಹಾದಿಯೊಂದುಂಟು. 1822ರಲ್ಲಿ ಬ್ರಿಟಿಷ್ ಆಡಳಿತಗಾರ ಸ್ಟ್ಯಾಂಫರ್ಡ್ ರ್‍ಯಾಫಲ್ಸ್ ಪಟ್ಟಣದ ವಿನ್ಯಾಸಕ್ಕೆ ವಿಧಿಸಿದ ನಿಯಮಗಳಲ್ಲಿ, ಬೀದಿಯ ಎರಡೂ ಪಕ್ಕದ ಮನೆಗಳಿಗೆ ಇಂಥ ಮುಚ್ಚಿಗೆಯ ಹಾದಿ ಇರತಕ್ಕದ್ದು ಎಂಬುದೂ ಒಂದು. ಐದಡಿಯ ಹಾದಿ ಎಂಬ ಅರ್ಥದಲ್ಲಿ ಮಲಯ ಭಾಷೆಯವರು ಅದನ್ನು ‘ಕಾಕಿ ಲೀಮಾ’ ಎನ್ನುತ್ತಾರೆ. ಮಳೆ ಬಂದಾಗ ದಾರಿಹೋಕನು ಅಲ್ಲಿ ನಿಲ್ಲುತ್ತಾನೆ, ಬಿಸಿಲೇರಿದಾಗ ಮುದುಕರು ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಬೆಕ್ಕು ಮಲಗುತ್ತದೆ. ಅದು ನಮ್ಮ ಹಳ್ಳಿಮನೆಯ ಜಗಲಿಯ ಹತ್ತಿರದ ಬಂಧುವೆಂದು ಗುರುತಿಸಲು ನನಗೆ ಯಾವ ಗ್ರಂಥದ ಸಹಾಯವೂ ಬೇಕಾಗಲಿಲ್ಲ. ಸರ್ಕಾರವು ಕಟ್ಟಿಸಿದ ಎತ್ತರದ ವಸತಿಗಳಲ್ಲಿ ನೆಲದ ಅಂತಸ್ತನ್ನು ಬಹುಮಟ್ಟಿಗೆ ಗೋಡೆಯಿಲ್ಲದೆ ಬರಿದಾಗಿ ಬಿಟ್ಟಿರುವುದೂ ಈ ಜಾಡಿನದೇ. ಗಾಳಿ ಹಾಯುವ ಆ ನೆರಳಿನಲ್ಲಿಯೇ ಮಲಯರ ಮದುವೆಯೂ ಚೀನೀಯರ ಶವಸಂಸ್ಕಾರದ ವಿಧಿಗಳೂ ನಡೆಯುತ್ತವೆ.

ಮೊದಲ ಪಾಠ

ತರಗತಿ ಆರಂಭವಾದ ಮೊದಲ ವಾರದಲ್ಲಿಯೇ ನಮ್ಮ ಅಧ್ಯಾಪಕಿ ಒಂದು ಅಭ್ಯಾಸವನ್ನು ಕೊಟ್ಟರು. “ನೀವು ವಾಸವಾಗಿರುವ ಕಟ್ಟಡದ ಛಾವಣಿಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆಂಬುದನ್ನು ಕಾಲ್ನಡಿಗೆಯಲ್ಲಿ ಹಿಂಬಾಲಿಸಿಕೊಂಡು ಹೋಗಿ, ಕಂಡದ್ದನ್ನು ಬರೆದುಕೊಂಡು ಬನ್ನಿ. ನಕ್ಷೆ ನೋಡಕೂಡದು,” ಎಂದಷ್ಟೇ ಅವರ ಮಾತು. ಹನ್ನೆರಡು ವರ್ಷ ಮೋರಿಗಳ ನಕ್ಷೆ ಬರೆದಿದ್ದ ನಾನು ಒಂದು ಮೋರಿಯನ್ನಾದರೂ ಆದಿಯಿಂದ ಅಂತ್ಯದವರೆಗೆ ನಡೆದು ನೋಡಿರಲಿಲ್ಲವೆಂಬುದು ಆಗಲೇ ನೆನಪಾದದ್ದು.

ನಾನಿದ್ದ ಬಡಾವಣೆಯ ನೀರು ಸೇರುತ್ತಿದ್ದುದು ಕಾಲಾಂಗ್ ನದಿಯನ್ನು. ನದಿಯೆಂದರೆ ನಮ್ಮ ಕಾವೇರಿ, ತುಂಗಭದ್ರೆಗಳನ್ನು ಮನಸ್ಸಿಗೆ ತಂದುಕೊಳ್ಳಬಾರದು. ಆ ದೇಶದ ಅತಿ ಉದ್ದವಾದ ನದಿಯೆಂಬ ಕೀರ್ತಿಯುಳ್ಳ ಈ ಪ್ರವಾಹದ ಉದ್ದವು ಹತ್ತು ಕಿಲೋಮೀಟರು; ನಮ್ಮ ಮಲೆನಾಡಿನವರು ಇದನ್ನು ಹಳ್ಳವೆಂದು ಕರೆದು ಸುಮ್ಮನಾಗುತ್ತಿದ್ದರು. ಇದರ ಮೂಲವಾದ ಲೋವರ್ ಪಿಯರ್ಸ್ ಜಲಾಶಯವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಟ್ಟಿಸಿದ್ದು. ಸುತ್ತಲೂ ಕಾಡು, ಕಾಡಿನಂಚಿನಲ್ಲಿ, ನಮ್ಮ ಬೆಟ್ಟದ ದೇವಸ್ಥಾನಗಳಲ್ಲಿ ಕಾಣುವಂತೆಯೇ, ಯಾತ್ರಿಕರ ಕೈಚೀಲದ ಮೇಲೆ ಕಣ್ಣಿಟ್ಟ ಕೋತಿಗಳು.

ಅಲ್ಲಿಂದ ಕೆಳಗಿಳಿದು ಬೀಷಾನ್ ಮತ್ತು ಆಂಗ್ ಮೊ ಕಿಯೊ ಬಡಾವಣೆಗಳ ನಡುವಣ ಉದ್ಯಾನಕ್ಕೆ ಬಂದರೆ, ಈ ನಗರದ ಬುದ್ಧಿಯ ಪರಿವರ್ತನೆಯೊಂದು ಕಣ್ಣಿಗೆ ಕಾಣುವಂತೆ ಬರೆದಿಟ್ಟಿದೆ. ಪ್ರವಾಹದ ಭಯದಿಂದ, ನೀರನ್ನು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಸಮುದ್ರಕ್ಕೆ ತಳ್ಳಬೇಕೆಂಬ ಆತುರದಲ್ಲಿ, ಈ ನದಿಯನ್ನು ಹಿಂದೆ 2.7 ಕಿಲೋಮೀಟರಿನ ನೇರವಾದ ಕಾಂಕ್ರೀಟು ಕಾಲುವೆಯನ್ನಾಗಿ ಮಾಡಿದ್ದರು. ನನ್ನಂಥ ಎಂಜಿನಿಯರುಗಳು ಜಗತ್ತಿನೆಲ್ಲೆಡೆ ಮಾಡಿದ್ದು ಅದನ್ನೇ. 2006ರಲ್ಲಿ ಆರಂಭವಾದ ಜಲಮಾರ್ಗಗಳ ಪುನರುಜ್ಜೀವನ ಯೋಜನೆಯಲ್ಲಿ ಆ ಕಾಂಕ್ರೀಟನ್ನು ಒಡೆದು ತೆಗೆದು, ನೇರಗೆರೆಯನ್ನು ಸುಮಾರು 3 ಕಿಲೋಮೀಟರಿನ ಬಳುಕುವ ಹೊಳೆಯನ್ನಾಗಿ ಮಾಡಿ, ದಂಡೆಗಳನ್ನು ಗಿಡಗಳ ಬೇರು, ಕಲ್ಲು, ಮಣ್ಣುಗಳಿಂದ ಹೆಣೆದು, 2012ರಲ್ಲಿ ಉದ್ಯಾನವನ್ನು ಜನರಿಗೆ ಒಪ್ಪಿಸಿದರು. ಒಡೆದ ಕಾಂಕ್ರೀಟಿನ ಚಪ್ಪಡಿಗಳನ್ನು ಹೊರಗೆ ಸಾಗಿಸಿ ಎಸೆಯದೆ ಅಲ್ಲಿಯೇ ಪೇರಿಸಿ ಒಂದು ಗುಡ್ಡ ಮಾಡಿದ್ದಾರೆ. ಹಳೆಯ ತಪ್ಪಿನ ಮೇಲೆ ಕುಳಿತು ಹೊಸ ಹೊಳೆಯನ್ನು ನೋಡುವ ಅವಕಾಶವು ಎಲ್ಲ ನಗರಗಳಿಗೂ ದೊರೆಯುವಂಥದಲ್ಲ.

ನಾನು ಆ ಹೊಳೆಯ ನಡುವಣ ದಾಟುಗಲ್ಲುಗಳ ಮೇಲೆ ನಿಂತು ಮೀನಿನ ಮರಿಗಳನ್ನು ನೋಡುತ್ತಿದ್ದಾಗ ಆಕಾಶವು ಕಪ್ಪಾಯಿತು. ದಂಡೆಯ ಮೇಲಿನ ಎಚ್ಚರಿಕೆಯ ದೀಪ ಮಿನುಗಿ, ಸೈರನ್ನು ಕೂಗಿಕೊಂಡಿತು. ಎಲೆ ಗುಡಿಸುತ್ತಿದ್ದ ತಮಿಳು ಮುದುಕರೊಬ್ಬರು ಮೇಲಿನಿಂದ ಕೈಬೀಸಿ, “ತಂಬೀ, ಮೇಲಕ್ಕೆ ಬಾ. ಮಳೆ ನಿನ್ನನ್ನು ಕೇಳಿಕೊಂಡು ಬರುವುದಿಲ್ಲ,” ಎಂದು ಕರೆದರು. ನಾನು ಹತ್ತಿಹೋಗಿ ಅವರ ಪಕ್ಕದಲ್ಲಿ ಚಾವಡಿಯಂಥ ಮಾಡಿನ ಕೆಳಗೆ ನಿಂತೆ. ಹನಿಯೆಂಬ ಪೀಠಿಕೆಯಿಲ್ಲದೆ ಮಳೆ ಒಮ್ಮೆಲೇ ಸುರಿಯಿತು. ಸ್ವಲ್ಪ ಹೊತ್ತಿನಲ್ಲಿಯೇ ನಾನು ನಿಂತಿದ್ದ ಕಲ್ಲು ಮುಳುಗಿತು, ಆಮೇಲೆ ದಂಡೆಯ ಹುಲ್ಲು ಮುಳುಗಿತು, ಕೊನೆಗೆ ಮಕ್ಕಳು ಚೆಂಡಾಡುತ್ತಿದ್ದ ಬಯಲಿನ ಅಂಚಿನವರೆಗೂ ಕೆಂಪುನೀರು ಏರಿ ನಿಂತಿತು. ಯಾರೂ ಗಾಬರಿಯಾಗಲಿಲ್ಲ. ಆ ಬಯಲನ್ನು ಹಾಗೆ ಮುಳುಗಲೆಂದೇ ತಗ್ಗಾಗಿ ಬಿಟ್ಟಿದ್ದರು. ಮಳೆಯಿಲ್ಲದ ದಿನ ಅದು ಮಕ್ಕಳದು, ಮಳೆಯ ದಿನ ಹೊಳೆಯದು. “ಮೊದಲು ಕಾಲುವೆ ಇತ್ತು, ಬೇಲಿ ಇತ್ತು, ಯಾರೂ ಇಳಿಯುತ್ತಿರಲಿಲ್ಲ. ಈಗ ನೀರಿಗೆ ಅದರ ಜಾಗ ಕೊಟ್ಟಿದ್ದಾರೆ,” ಎಂದು ಮುದುಕರು ಹೇಳಿದರು. ಒಂದು ಸೆಮಿಸ್ಟರಿನ ಪಾಠವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಿದವರನ್ನು ನಾನು ಕಾಣೆ.

ನದಿಯ ಉಳಿದ ಹಾದಿಯಲ್ಲಿ ಕಾಂಕ್ರೀಟು ಇನ್ನೂ ಉಳಿದಿದೆ. ಎತ್ತರದ ವಸತಿಗಳ ಬುಡದಲ್ಲಿ ಹಾದು, ಕಾಲಾಂಗ್ ಕೊಲ್ಲಿಯನ್ನು ಬಳಸಿ ಬಂದರೆ, ಪಯಣದ ಕೊನೆಯಲ್ಲಿ ಸಮುದ್ರವಿಲ್ಲ, ಒಂದು ಕಟ್ಟೆಯಿದೆ. 350 ಮೀಟರ್ ಅಗಲದ ಆ ಮರೀನಾ ಅಣೆಕಟ್ಟಿನ ಒಂದು ಪಕ್ಕ ಸಿಹಿನೀರು, ಇನ್ನೊಂದು ಪಕ್ಕ ಉಪ್ಪುನೀರು. ಸಮುದ್ರವು ಇಳಿತದಲ್ಲಿರುವಾಗ ಮಳೆ ಹೆಚ್ಚಾದರೆ ಒಂಬತ್ತು ಉಕ್ಕಿನ ಬಾಗಿಲುಗಳನ್ನು ಬಗ್ಗಿಸಿ ನೀರನ್ನು ಹೊರಕ್ಕೆ ಬಿಡುತ್ತಾರೆ. ಭರತವಿದ್ದಾಗ ಬಾಗಿಲು ತೆರೆದರೆ ಕಡಲೇ ಒಳನುಗ್ಗುವುದರಿಂದ, ಸೆಕೆಂಡಿಗೆ 40 ಘನ ಮೀಟರಿನಂತೆ ನೀರೆತ್ತುವ ಏಳು ಪಂಪುಗಳು ಆ ಕೆಲಸವನ್ನು ವಹಿಸಿಕೊಳ್ಳುತ್ತವೆ. 2008ರಲ್ಲಿ ಇದು ತೆರೆದಮೇಲೆ ದ್ವೀಪದ ಆರನೆಯ ಒಂದು ಭಾಗದ ಮಳೆ, ಅದೂ ಬ್ಯಾಂಕುಗಳ ಗಗನಚುಂಬಿ ಕಟ್ಟಡಗಳ ಮೇಲೆ ಬಿದ್ದ ಮಳೆ, ಕುಡಿಯುವ ನೀರಿನ ಜಲಾಶಯವೊಂದನ್ನು ಸೇರುವಂತಾಯಿತು. ಯಂತ್ರಶಾಲೆಯ ಛಾವಣಿಯ ಮೇಲೆ ಹುಲ್ಲು ಬೆಳೆಸಿದ್ದಾರೆ. ಸಂಜೆಯ ಹೊತ್ತು ಅಲ್ಲಿ ಸಂಸಾರಗಳು ಬುತ್ತಿ ಬಿಚ್ಚಿ ಕುಳಿತಿರುತ್ತವೆ, ಹುಡುಗರು ಗಾಳಿಪಟ ಹಾರಿಸುತ್ತಾರೆ. ನನ್ನ ಛಾವಣಿಯ ಮಳೆಯು ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು: ಅದು ಎಲ್ಲಿಗೂ ಹೋಗಿರಲಿಲ್ಲ, ನನ್ನ ನಲ್ಲಿಗೇ ಮರಳಿ ಬರುವ ದಾರಿಯಲ್ಲಿದ್ದಿತು.

ಭಯವೆಂಬ ಗುರು

ನನ್ನ ಅಜ್ಜ ಶಾನುಭೋಗರಾಗಿದ್ದವರು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು, ಕಾಸಿಗೆ ಕಾಸು ಕೂಡಿ ಬರುವವರೆಗೆ ಲೆಕ್ಕದ ಪುಸ್ತಕವನ್ನು ಮುಚ್ಚುತ್ತಿರಲಿಲ್ಲ. ಸಿಂಗಪುರವನ್ನು ಹೊರಗಿನಿಂದ ನೋಡಿದವರು ಅದನ್ನು ಉದ್ಯಾನನಗರವೆಂದು ಕೊಂಡಾಡುತ್ತಾರೆ. ಒಳಗೆ ಒಂದು ವರ್ಷ ಇದ್ದ ನನಗೆ ಅದು ನನ್ನ ಅಜ್ಜನ ಲೆಕ್ಕದ ಪುಸ್ತಕದಂತೆ ಕಂಡಿತು.

ಈ ಲೆಕ್ಕದ ಹಿಂದೆ ಇರುವುದು ಪ್ರಕೃತಿಪ್ರೇಮಕ್ಕಿಂತ ಹೆಚ್ಚಾಗಿ ಅಭಾವದ ಭಯ. 1942ರ ಜನವರಿ 31ರಂದು, ಜಪಾನಿ ಸೈನ್ಯಕ್ಕೆ ಬೆನ್ನುಕೊಟ್ಟು ದ್ವೀಪಕ್ಕೆ ಹಿಮ್ಮೆಟ್ಟಿದ ಬ್ರಿಟಿಷ್ ಪಡೆಗಳು ಮಲಯಾಕ್ಕೆ ಹೋಗುವ ಸೇತುಮಾರ್ಗವನ್ನು ಸ್ಫೋಟಿಸಿದಾಗ, ಅದರ ಮೇಲೆ ಹಾದುಬರುತ್ತಿದ್ದ ನೀರಿನ ಕೊಳವೆಯೂ ಅದರೊಡನೆ ಒಡೆದುಹೋಯಿತು. 1963ರಲ್ಲಿ ಮಳೆ ಕೈಕೊಟ್ಟು ತಿಂಗಳುಗಟ್ಟಲೆ ನೀರನ್ನು ಪಡಿತರದಂತೆ ಅಳೆದು ಕೊಡಬೇಕಾಯಿತು. 1965ರಲ್ಲಿ ಮಲೇಷ್ಯದಿಂದ ಬೇರ್ಪಟ್ಟು ಸ್ವತಂತ್ರವಾದಾಗ ಅದಕ್ಕಿದ್ದುವು ಮೂರೇ ಜಲಾಶಯಗಳು; ಉಳಿದ ದಾಹವೆಲ್ಲ ನೆರೆಯ ಜೋಹರ್ ಪ್ರಾಂತದ ಕೃಪೆಯಲ್ಲಿದ್ದಿತು. 1962ರ ಒಪ್ಪಂದದಂತೆ ಆ ಪ್ರಾಂತದ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ನೀರು ಪಡೆಯುವ ಹಕ್ಕು 2061ಕ್ಕೆ ಮುಗಿಯುತ್ತದೆ. ಸಾಲದ ಗಡುವನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡ ಗೃಹಸ್ಥನಂತೆ ಆ ದೇಶವು ಈ ವರ್ಷವನ್ನು ಎದುರಿಗಿಟ್ಟುಕೊಂಡೇ ಬದುಕುತ್ತಿದೆ. ಮೂರಿದ್ದ ಜಲಾಶಯಗಳು ಈಗ ಹದಿನೇಳಾಗಿವೆ. ನೆಲದ ಮೂರನೆಯ ಎರಡು ಭಾಗದ ಮಳೆಯು ಅವುಗಳಲ್ಲಿ ಜಮೆಯಾಗುತ್ತದೆ.

ಜಮೆಯಾದುದು ಒಮ್ಮೆ ಖರ್ಚಾದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಬಳಸಿದ ನೀರನ್ನು ಸೂಕ್ಷ್ಮ ಜರಡಿಗಳಲ್ಲಿ ಸೋಸಿ, ಪೊರೆಗಳ ಮೂಲಕ ಒತ್ತಡದಿಂದ ಹಾಯಿಸಿ, ಅತಿನೇರಳೆ ಕಿರಣಗಳಿಂದ ಶುದ್ಧಿಮಾಡಿ ‘ನ್ಯೂವಾಟರ್’ ಎಂಬ ಹೆಸರಿನಲ್ಲಿ 2003ರಿಂದ ಪುನಃ ಉಪಯೋಗಿಸುತ್ತಿದ್ದಾರೆ. ಅದರ ಬಹುಪಾಲು ಹೋಗುವುದು ಕಾರ್ಖಾನೆಗಳಿಗೆ. ಒಣ ತಿಂಗಳುಗಳಲ್ಲಿ ಒಂದಂಶವನ್ನು ಜಲಾಶಯಗಳಿಗೂ ಸೇರಿಸುತ್ತಾರೆ. ಮಡಿಮೈಲಿಗೆಗಳ ನಾಡಿನಿಂದ ಹೋದ ನನಗೆ ಇದನ್ನು ಕೇಳಿ ಮೊದಲು ಮುಖ ಸಿಂಡರಿಸಿತಾದರೂ, ಗಂಗೆಯಲ್ಲಿ ಮುಳುಗೆದ್ದವನು ಮೇಲಿನ ಊರುಗಳ ಹೆಸರನ್ನು ಕೇಳುವುದಿಲ್ಲವಷ್ಟೆ ಎಂದು ಯೋಚಿಸಿದಾಗ ಸಂಕೋಚವು ತಾನಾಗಿ ಇಳಿಯಿತು.

ರಸ್ತೆಗೂ ಇದೇ ನ್ಯಾಯ. ನೆಲದ ನೂರಕ್ಕೆ 12 ಭಾಗವನ್ನು ಈಗಾಗಲೇ ರಸ್ತೆಗಳು ನುಂಗಿರುವುದರಿಂದ, ಕಾರು ಕೊಳ್ಳುವವನು ಮೊದಲು ಅದನ್ನು ಹತ್ತು ವರ್ಷ ಇಟ್ಟುಕೊಳ್ಳುವ ಹಕ್ಕನ್ನು ಹರಾಜಿನಲ್ಲಿ ಕೊಳ್ಳತಕ್ಕದ್ದು. 1990ರಿಂದ ನಡೆದುಬಂದಿರುವ ಈ ಪದ್ಧತಿಯಲ್ಲಿ, 2018ರಲ್ಲಿ ಖಾಸಗಿ ಕಾರುಗಳ ಒಟ್ಟು ಸಂಖ್ಯೆ ಹೆಚ್ಚಲೇ ಕೂಡದೆಂದು ಗೊತ್ತುಮಾಡಿದ್ದರು. ಹರಾಜಿನ ಬೆಲೆ ಒಂದು ಲಕ್ಷ ಸಿಂಗಪುರ ಡಾಲರನ್ನು ಮೀರಿದ್ದೂ ಉಂಟು. ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರು ದಿನವೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿಯೇ ನಿಂತು ಬರುತ್ತಿದ್ದರು. ಕಸವನ್ನು ಸುಟ್ಟು, ಬೂದಿಯನ್ನು ದೋಣಿಯಲ್ಲಿ ಸಾಗಿಸಿ, ಸೆಮಕೌ ಎಂಬ ದ್ವೀಪದ ಕಟ್ಟೆಯೊಳಗೆ ತುಂಬುತ್ತಾರೆ. 1999ರಲ್ಲಿ ಆರಂಭವಾದ ಅದು 2035ರ ಸುಮಾರಿಗೆ ತುಂಬಿಹೋಗುವುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು.

ದಡದಾಚೆಯ ಖರ್ಚು

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಸ್ತುತಿಪಾಠವಾದೀತು, ಅಧ್ಯಯನವಾಗಲಾರದು. ಎರಡನೆಯ ಸೆಮಿಸ್ಟರಿನಲ್ಲಿ ಅದೇ ಅಧ್ಯಾಪಕಿ ಇನ್ನೊಂದು ಪ್ರಶ್ನೆ ಕೇಳಿದರು: “ಈ ನಗರದ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಟ್ಟ ಖರ್ಚು ಯಾವುದು?” ತಮ್ಮ ನಾಡನ್ನು ಕುರಿತು ಪರದೇಶದ ವಿದ್ಯಾರ್ಥಿಗಳ ಮುಂದೆ ಹೀಗೆ ಕೇಳುವುದಕ್ಕೆ ಬೇಕಾದ ಧೈರ್ಯವು ಆ ವಿದ್ಯೆಯ ಬಗ್ಗೆ ನನ್ನ ಗೌರವವನ್ನು ಇಮ್ಮಡಿಸಿತು.

1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರಿದ್ದ ಆ ದೇಶವು ಈಗ 730ನ್ನು ಮೀರಿದೆ. ನೆಲವು ತಾನಾಗಿ ಬೆಳೆಯುವುದಿಲ್ಲ. ಸಮುದ್ರವನ್ನು ತುಂಬಲು ಮರಳು ನೆರೆಯ ದೇಶಗಳ ದಡಗಳಿಂದ, ಹೊಳೆಗಳಿಂದ ಬಂದಿತು. 2007ರಲ್ಲಿ ಇಂಡೋನೇಷ್ಯವೂ 2017ರಲ್ಲಿ ಕಾಂಬೋಡಿಯವೂ ತಮ್ಮ ಮರಳು ಅಲ್ಲಿಗೆ ಹೋಗುವುದನ್ನು ನಿಷೇಧಿಸಿದುವು. ಉಣ್ಣುವ ಅನ್ನದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಹೊರಗಿನದು. ವಿದ್ಯುತ್ತು ಬಹುಮಟ್ಟಿಗೆ ಹೊರಗಿನಿಂದ ತಂದ ಅನಿಲದಿಂದ. ಆ ವಿದ್ಯುತ್ತಿನ ದೊಡ್ಡ ಪಾಲನ್ನು ನುಂಗುವುದು ಒಳಗನ್ನು ತಣ್ಣಗಿಡುವ ಯಂತ್ರ. ಆ ದೇಶದ ನಿರ್ಮಾತೃವಾದ ಲೀ ಕ್ವಾನ್ ಯೂ ಅವರು ಹವಾನಿಯಂತ್ರಣವನ್ನು ಉಷ್ಣವಲಯದ ಅಭ್ಯುದಯಕ್ಕೆ ದಾರಿಮಾಡಿದ ಮಹಾಶೋಧನೆಯೆಂದು ಮೆಚ್ಚಿ, ಮೊದಲು ಸರ್ಕಾರಿ ಕಚೇರಿಗಳಿಗೆ ಅದನ್ನು ಹಾಕಿಸಿದ್ದಾಗಿ ಹೇಳಿಕೊಂಡಿದ್ದಾರೆ. ಆದರೆ ಕೋಣೆಯೊಳಗಿನ ಶಾಖವು ಮಾಯವಾಗುವುದಿಲ್ಲ, ಬೀದಿಗೆ ಬರುತ್ತದೆ. ಒಳಗಿದ್ದವನ ತಂಪು ಹೊರಗಿದ್ದವನ ಬೇಗೆಯಾಗುತ್ತದೆ. ಇದನ್ನು ತಿಳಿದೇ ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಆರಂತಸ್ತಿನ ಕಟ್ಟಡವನ್ನು ತೆರೆದರು. ಅದರ ಛಾವಣಿಯ ತುಂಬ ಸೌರಫಲಕಗಳು, ಮುಂಚಾಚಿದ ಸೂರು, ಹೆಚ್ಚು ತಂಪಾಗಿಸದ ಗಾಳಿ, ಅದರ ಜೊತೆಗೆ ನಮ್ಮ ಮನೆಗಳಲ್ಲಿ ತಿರುಗುವಂಥ ಸೀಲಿಂಗ್ ಫ್ಯಾನು. ವರ್ಷಕ್ಕೆ ಬೇಕಾದಷ್ಟು ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುವ ಸಂಕಲ್ಪದ ಆ ಕಟ್ಟಡದಲ್ಲಿ ಫ್ಯಾನಿನ ಕೆಳಗೆ ಕುಳಿತಾಗ, ಇಷ್ಟು ದೂರ ಬಂದು ಚಿಕ್ಕಂದಿನ ನಮ್ಮ ನಡುಮನೆಗೇ ಮರಳಿದಂತಾಯಿತು.

ಇನ್ನು ಮನುಷ್ಯರ ಲೆಕ್ಕ. ಮರಗಳನ್ನು ಸವರುವವರು, ಕಟ್ಟಡಗಳನ್ನೆಬ್ಬಿಸುವವರು ಬಹುಮಟ್ಟಿಗೆ ತಮಿಳುನಾಡು, ಬಾಂಗ್ಲಾದೇಶಗಳಿಂದ ಕೂಲಿಗೆ ಬಂದವರು. ಸಂಜೆ ಲಾರಿಗಳ ಹಿಂಬದಿಯಲ್ಲಿ ಕಾಲು ಚಾಚಿ ಕುಳಿತು, ಮಳೆಮರಗಳ ಕಮಾನಿನಡಿಯಲ್ಲಿ ನಗರದಂಚಿನ ವಸತಿಗಳಿಗೆ ಮರಳುವ ಅವರನ್ನು ನಾನು ದಿನವೂ ಕಾಣುತ್ತಿದ್ದೆ. 2020ರ ಮಹಾಮಾರಿಯಲ್ಲಿ ರೋಗವು ಹೆಚ್ಚಾಗಿ ಹಬ್ಬಿದ್ದು ಕಿಕ್ಕಿರಿದ ಆ ವಸತಿಗಳಲ್ಲಿಯೇ. ನೀರಿನ ಹನಿಗೂ ಲೆಕ್ಕವಿಡುವ ನಗರವು ನೆರಳನ್ನು ಬೆಳೆಸಿದವನಿಗೆ ಎಷ್ಟು ನೆರಳು ದೊರೆಯಿತೆಂಬುದನ್ನೂ ಬರೆದಿಟ್ಟಾಗ ಮಾತ್ರ ಅದರ ಪುಸ್ತಕವು ಪೂರ್ಣವಾದೀತು.

ನಮ್ಮ ಮೋರಿ

ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಿಂದ ಇಂದಿನವರೆಗೆ ಬೆಂಗಳೂರನ್ನು ಸಿಂಗಪುರ ಮಾಡುವ ಮಾತನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಈ ಮಾತಿನಲ್ಲಿ ಸಿಂಗಪುರವೆಂದರೆ ಮೇಲ್ಸೇತುವೆ, ಗಾಜಿನ ಕಟ್ಟಡ, ಹೂವಿನ ಕುಂಡ. ನಿಜಕ್ಕೂ ಎರಡು ಊರುಗಳಿಗೂ ಸಮಾನವಾದುದು ರಸ್ತೆಬದಿಯ ಮಳೆಮರ. ಅದೂ ಎರಡೂ ಕಡೆಗೆ ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಅತಿಥಿ. ಉಳಿದಂತೆ ನಮ್ಮ ಪರಿಸ್ಥಿತಿಯೇ ಬೇರೆ. ಅಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮಗೆ ಅದರ ಅರ್ಧವೂ ಇಲ್ಲ. ಹಾಗಿರುವಾಗ ಎಚ್ಚರವು ನಮಗೆ ಇಮ್ಮಡಿಯಾಗಿ ಇರತಕ್ಕದ್ದಷ್ಟೆ. ದಿಣ್ಣೆಯ ಮೇಲಿನ ಊರಿಗೆ ನದಿಯಿಲ್ಲವೆಂದು ಅರಿತ ನಮ್ಮ ಹಿರಿಯರು ಕೆರೆಯಿಂದ ಕೆರೆಗೆ ಕೋಡಿ ಹರಿಯುವ ಸರಪಳಿಯನ್ನು ಕಟ್ಟಿ, ರಾಜಕಾಲುವೆಯೆಂದು ಹೆಸರಿಟ್ಟು ಅದನ್ನು ಗೌರವಿಸಿದ್ದರು. ಮಳೆಗೆ ಲೆಕ್ಕವಿಡುವ ವಿದ್ಯೆ ನಮಗೆ ಹೊಸದಲ್ಲ; ಮರೆತದ್ದು. ಇಂದು ನಾವು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಸುಮಾರು ಐನೂರು ಮೀಟರ್ ಮೇಲಕ್ಕೆತ್ತಿ ತಂದು, ನಮ್ಮ ಮೇಲೆಯೇ ಸುರಿದ ಮಳೆಯನ್ನು ಕೊಳಚೆಯೊಡನೆ ಬೆರೆಸಿ ಕಳಿಸಿಬಿಡುತ್ತೇವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದು ಈ ಲೆಕ್ಕದಲ್ಲಿ ನಾವು ಬರೆದ ಒಂದು ದೊಡ್ಡ ಸಾಲು. ಆದರೆ ಆ ಸಂಸ್ಕರಣೆಯು ಎರಡನೆಯ ಹಂತಕ್ಕೇ ನಿಂತಿರುವುದರಿಂದ ಸಾಲಿನ್ನೂ ಅಪೂರ್ಣ.

ಊರಿಗೆ ಮರಳಿದ ಮೇಲೆ, ಮೊದಲ ಮಳೆ ನಿಂತ ಸಂಜೆ, ನಮ್ಮ ಮನೆಯ ಮುಂದಿನ ಮೋರಿಯನ್ನು ಹಿಂಬಾಲಿಸಿ ಹೊರಟೆ. ಮೂರು ಬೀದಿ ದಾಟಿ ಅದು ಒಂದು ಕಾಂಪೌಂಡು ಗೋಡೆಯ ಅಡಿಯಲ್ಲಿ ಮಾಯವಾಯಿತು. ಬಗ್ಗಿ ನೋಡುತ್ತಿದ್ದ ನನ್ನನ್ನು ಎದುರುಮನೆಯ ಹಿರಿಯರೊಬ್ಬರು, “ಸರ್ವೆಯವರೇನಪ್ಪಾ?” ಎಂದು ವಿಚಾರಿಸಿದರು. ಅಲ್ಲವೆಂದೆ, ಈ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದೆ. “ಮೊದಲು ಇಲ್ಲೇ ಕೆಳಗೆ ಕೆರೆ ಇತ್ತು. ಈಗ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು!” ಎಂದರು.

ನಮ್ಮ ಊರು ಸಿಂಗಪುರವಾಗಬೇಕಾಗಿಲ್ಲ. ಆದರೆ ಆ ಹಿರಿಯರ ಪ್ರಶ್ನೆಗೆ ಉತ್ತರ ಹೇಳಬಲ್ಲ ಒಬ್ಬನಾದರೂ ಪ್ರತಿಯೊಂದು ಬೀದಿಯಲ್ಲಿ ಇರಬೇಕು. ಓದುಗರಲ್ಲಿ ನನ್ನದೊಂದು ವಿಜ್ಞಾಪನೆ: ಮುಂದಿನ ಮಳೆ ನಿಂತೊಡನೆ, ಚಪ್ಪಲಿ ಮೆಟ್ಟಿಕೊಂಡು, ಮನೆಯ ಮಕ್ಕಳನ್ನೂ ಕರೆದುಕೊಂಡು, ನಿಮ್ಮ ಮೋರಿಯ ಜೊತೆಗೆ ಅದು ಹೋಗುವಷ್ಟು ದೂರ ನಡೆದುಹೋಗಿ.